ಲಾಳಿಗೆ ಎಂಜಲಿಲ್ಲ

ಈ ವರ್ಷ ಮಳೆ ಹಿಂದೆ ಸರಿಯುವ ಹೊತ್ತಿಗೆ ಬಾದಾಮಿಯಲ್ಲಿ ಮನೆಮನೆಗೂ ಜ್ವರ. ನಾನು ಟೈಪಿಸ್ಟ್ ಆಗಿರುವ ಕೋರ್ಟಿನಲ್ಲಿ ಜವಾನನಿಂದ ಹಿಡಿದು ವಕೀಲರವರೆಗೆ ಎಲ್ಲರೂ ಸರದಿಯ ಮೇಲೆ ಮಲಗಿ ಎದ್ದರು. ನನ್ನ ಸರದಿಯೂ ಬಂತು. ಕೀಲುಕೀಲೂ ನೋಯುತ್ತಿತ್ತು, ಕಣ್ಣು ಉರಿಯುತ್ತಿತ್ತು. ಓಣಿಯ ಡಾಕ್ಟರ ಹತ್ತಿರ ಹೋದೆ. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ. ಎದೆ, ಬೆನ್ನು ಪರೀಕ್ಷಿಸಿ ನೋಡಿ, "ಹೆದರಬ್ಯಾಡ್ರಿ ಮೇಡಂ, ಏನೂ ಇಲ್ಲ. ಬರೇ ಫ್ಲೂ ಐತಿ" ಎಂದ.

ಅವನು ಧೈರ್ಯ ಹೇಳಲೆಂದೇ ಆ ಮಾತು ಆಡಿದ್ದು, ಪಾಪ. ನನಗೆ ಮಾತ್ರ "ಬರೇ" ಅನ್ನುವ ಪದ ಕೇಳಿದರೆ ಈಗಲೂ ಎದೆ ಧಸಕ್ಕೆನ್ನುತ್ತದೆ. ನಮ್ಮ ಮನೆಯಲ್ಲಿ ಅಪ್ಪ ಲಾಕ್‌ಡೌನಿನ ವರ್ಷ ಇದೇ ಪದವನ್ನು ದಿನಕ್ಕೆ ಹತ್ತು ಸಲ ಅನ್ನುತ್ತಿದ್ದ.

ಮನೆಗೆ ಬಂದು, ನನ್ನ ಜ್ವರ ಬೇರೆಯವರಿಗೆ ಅಂಟದಿರಲಿ ಎಂದು ಮಾಸ್ಕ್ ಹುಡುಕಿದೆ. ಕಪಾಟಿನಲ್ಲಿ ಸೀರೆಗಳ ಕೆಳಗೆ ಒಂದು ಸಿಕ್ಕಿತು. ಮಗ್ಗದ ತುಂಡು ಬಟ್ಟೆಯಿಂದ ಅವ್ವ ಕೈಯಾರೆ ಹೊಲಿದದ್ದು, ದಾಳಿಂಬೆ ಬಣ್ಣದ್ದು. ಒಗೆದು ಒಗೆದು ಮೆತ್ತಗಾದರೂ ನೂಲಿಗೆ ಹಚ್ಚಿದ ಗಂಜಿಯ ವಾಸನೆ ಇನ್ನೂ ಅದರಲ್ಲಿತ್ತು. ಮುಖಕ್ಕೆ ಕಟ್ಟಿಕೊಂಡೆ. ನನ್ನದೇ ಬಿಸಿ ಉಸಿರು, ಹತ್ತಿ ಬಟ್ಟೆ, ಗಂಜಿ. ಹಾಗೇ ಮಂಚದ ಮೇಲೆ ಕೂತುಬಿಟ್ಟೆ. ಬಾದಾಮಿಯ ಕೋಣೆಯಲ್ಲಿ ನಾನಿರಲಿಲ್ಲ; ಇಳಕಲ್ಲಿನ ನಮ್ಮ ಪಡಸಾಲೆಯಲ್ಲಿದ್ದೆ, ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತಿದ್ದ.

ಆಗ ನನ್ನ ಕೆಲಸ ಹುನಗುಂದದಲ್ಲಿ. ಇಳಕಲ್ಲಿನ ಮನೆಯಲ್ಲೇ ಇದ್ದು ದಿನಾ ಕೆಂಪು ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಬಸ್ಸುಗಳು ನಿಂತವು, ಕೋರ್ಟು ಮುಚ್ಚಿತು, ಬಜಾರಿನ ಬಾಗಿಲುಗಳು ಒಂದೊಂದಾಗಿ ಇಳಿದವು. ಇಳಕಲ್ಲಿನ ನೇಕಾರ ಓಣಿ ಅಂದರೆ ಬೆಳಗಾಗುವುದು ಮಗ್ಗದ ಸದ್ದಿನಿಂದ. ಹಳೇ ತಲೆಮಾರಿನ ಮಂದಿಗೆ ಆ ಸದ್ದಿಲ್ಲದಿದ್ದರೆ ಚಹಾ ಇಳಿಯದು. ಆ ಬೇಸಿಗೆಯಲ್ಲಿ ನೂಲು ಬರುವುದು ನಿಂತು, ಸೀರೆ ಕೊಳ್ಳುವವರು ನಿಂತು, ಒಂದೊಂದೇ ಮನೆ ಸುಮ್ಮನಾಯಿತು. ಕೊನೆಗೆ ಓಣಿಯಲ್ಲಿ ಉಳಿದದ್ದು ನಮ್ಮ ಮಗ್ಗದ ಸದ್ದೊಂದೇ. ಅಪ್ಪ ಹಟಮಾರಿ. ಮನೆಯಲ್ಲಿ ಒಂದು ಸೀರೆಗೆ ಆಗುವಷ್ಟು ನೂಲಿತ್ತು, ಉದ್ದೆಳೆಯ ಹಾಸು ಮಾಡಿ ಅದನ್ನು ಮಗ್ಗಕ್ಕೇರಿಸಿ, ಬೇಗ ಮುಗಿಯದಿರಲೆಂದು ದಿನಕ್ಕೆ ಗೇಣುಗೇಣೇ ನೇಯುತ್ತ ಕೂತ.

"ಕೊಳ್ಳಾವ್ರ ಇಲ್ಲ, ಯಾರಿಗೆ ನೇಯ್ತೀರಿ?" ಎಂದು ಅವ್ವ ಕೇಳಿದಳು.

"ನಿನಗ" ಎಂದ ಅಪ್ಪ.

ಅವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ನೇಕಾರನ ಹೆಂಡತಿಯಾಗಿ ಬಂದ ದಿನದಿಂದ ಅವಳು ಉಟ್ಟದ್ದೆಲ್ಲ ತಪ್ಪು ಬಿದ್ದ ಸೀರೆಗಳನ್ನೇ. ಎಲ್ಲೋ ಒಂದು ಎಳೆ ಹರಿದದ್ದು, ದಡಿ ಸೊಟ್ಟಗಾದದ್ದು, ವ್ಯಾಪಾರಿ ಬೇಡವೆಂದು ತಿರುಗಿ ಕಳಿಸಿದ್ದು. ಒಪ್ಪವಾದದ್ದು ಯಾವತ್ತೂ ಹೊಸ್ತಿಲು ದಾಟಿ ಹೋಗುತ್ತಿತ್ತು. ಈಗ ಹೊಸ್ತಿಲು ದಾಟುವಂತೆಯೇ ಇಲ್ಲವಾದ್ದರಿಂದ ಮೊದಲ ಸಲ ಅವಳಿಗೊಂದು ಒಪ್ಪವಾದ ಸೀರೆ ಬರುವುದಿತ್ತು. ರೋಗಕ್ಕೆ ಇಷ್ಟಾದರೂ ಪುಣ್ಯ ಬರಲಿ ಅಂದುಕೊಂಡೆ.

ನಾವು ನಾಲ್ವರು ಮನೆಯಲ್ಲಿ. ಅಪ್ಪ, ಅವ್ವ, ನಾನು, ನನ್ನ ತಮ್ಮ ಮಲ್ಲು. ಅಪ್ಪನಿಗೆ ಹತ್ತಿಯ ದೂಳು ಕುಡಿದು ಕುಡಿದು ಎದೆ ಗೊರಗೊರ ಅನ್ನುತ್ತಿತ್ತು. ಚಳಿಗಾಲದಲ್ಲಿ ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. ಟಿವಿಯಲ್ಲಿ ಇಡೀ ದಿನ ಹೇಳುತ್ತಿದ್ದದ್ದು ಅಂಥವರ ಬಗ್ಗೆಯೇ. ಆದ್ದರಿಂದ ಆ ವರ್ಷ ನಮ್ಮ ಮೂವರಿಗೂ ಇದ್ದ ಕೆಲಸ ಒಂದೇ: ಅಪ್ಪನನ್ನು ಉಳಿಸಿಕೊಳ್ಳುವುದು.

ಅಪ್ಪನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. "ಬರೇ ಜ್ವರ ಐತಿ. ಹಂಗಾಮ ತಿರುಗಿದಾಗ ವರ್ಷಾ ಬರತೈತಿ, ಹೋಗತೈತಿ. ಈ ಸಲ ಹೆಸರ ಬ್ಯಾರೆ ಇಟ್ಟಾರ, ಅಷ್ಟ" ಅನ್ನುತ್ತಿದ್ದ. ಮೇಲಿಂದ ತನ್ನ ಅಜ್ಜಿಯ ಕಥೆ. ಬ್ರಿಟಿಷರ ಕಾಲದಲ್ಲಿ ಮಾನಮೋಡಿ ಅಂತ ಒಂದು ಜ್ವರ ಬಂದಿತ್ತಂತೆ. ಮಾನ ಅಂದರೆ ಮರಾಠಿಯಲ್ಲಿ ಕುತ್ತಿಗೆ; ಕುತ್ತಿಗೆ ನಿಲ್ಲುತ್ತಿರಲಿಲ್ಲ, ತಲೆ ಎದೆಯ ಮೇಲೆ ಬೀಳುತ್ತಿತ್ತು, ಅದಕ್ಕೇ ಆ ಹೆಸರು. ಮುಂಜಾನೆ ಮಣ್ಣು ಕೊಡಲು ಹೋದವನಿಗೆ ಸಂಜೆ ಬೇರೆಯವರು ಮಣ್ಣು ಕೊಡುತ್ತಿದ್ದರು. ಈ ಓಣಿಯ ಮಗ್ಗದ ಕುಣಿಗಳಲ್ಲಿ ಜೇಡ ಬಲೆ ಕಟ್ಟಿತ್ತು. ಅಪ್ಪನ ಅಜ್ಜಿ ಆಗ ಹೊಸ ಮದುಮಗಳು. ಆ ಮನೆಯಲ್ಲಿ ಜ್ವರ ಹತ್ತಿಯೂ ಎದ್ದು ಕೂತವಳು ಆಕೆ ಒಬ್ಬಳೇ.

"ಅಂಥಾ ಮಾನಮೋಡಿ ದಾಟಿದ ರಕ್ತ ಐತಿ ನಂದು. ಇದೇನ ಮಹಾ?" ಎಂದು ಎದೆ ತಟ್ಟಿಕೊಳ್ಳುತ್ತಿದ್ದ. ತಟ್ಟಿಕೊಂಡ ಕೂಡಲೇ ಕೆಮ್ಮು ಬರುತ್ತಿತ್ತು.

ನಮ್ಮ ಮನೆಗೆ ವರ್ಷಗಟ್ಟಲೆ ಔಷಧ ಕೊಟ್ಟ ಓಣಿಯ ಹಿರಿಯ ಡಾಕ್ಟರು ಒಮ್ಮೆ ಕಿಟಕಿಯ ಆಚೆ ನಿಂತು ಮಾತಾಡಿಸಿದರು. ಅಪ್ಪ ಒಳಗಿನಿಂದಲೇ ತನ್ನ ವಾದ ಹೂಡಿದ.

"ಡಾಕ್ಟರ, ಜ್ವರ ಅಂದ್ರ ಬೀಗ ಇದ್ದಂಗ್ರಿ. ವರ್ಷಕ್ಕೊಮ್ಮಿ ಬರ್ತಾನ, ನಾಕ ದಿನ ಇರ್ತಾನ, ಉಂಡ ಹೋಗ್ತಾನ. ಇದೂ ಹಂಗ ಹೌದಲ್ರಿ?"

ಡಾಕ್ಟರು ನಗಲಿಲ್ಲ. "ಆ ಜ್ವರ ಬೀಗ ಖರೆ, ಕಾಕಾ. ಅದರ ಗುರ್ತು ನಿಮ್ಮ ಮೈಯಿಗಿ ಐತಿ. ಅದಕ್ಕೂ ಮುದುಕರು ಸಾಯ್ತಾರ, ಇಲ್ಲ ಅನ್ನೂದಿಲ್ಲ. ಆದ್ರ ಇದು ಬೀಗ ಅಲ್ಲ. ಇದು ಯಾರ ಅಂತ ನಿಮ್ಮ ಮೈಯಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಉಂಡ ಹೋಗ್ತೈತೋ, ಮನೀನ ನುಂಗ್ತೈತೋ ನೋಡಬೇಕು. ಬಾಗಲಾ ಹಾಕ್ಕೊಂಡಿರ್ರಿ."

ಅವರ ಮಾತಿನಲ್ಲಿ ನನ್ನನ್ನು ಹೆದರಿಸಿದ್ದು ನುಂಗುವ ಮಾತಲ್ಲ, "ನನಗೂ ಗೊತ್ತಿಲ್ಲ" ಅಂದದ್ದು. ಆ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಅಪ್ಪನೇ ಎದ್ದು ಕಿಟಕಿ ಮುಚ್ಚಿದ.

ಬಾಗಿಲು ಹಾಕಿಕೊಂಡೆವು. ಹೊರಗಿನ ಕೆಲಸವೆಲ್ಲ ಮಲ್ಲುವಿನದು. ಕಾಯಿಪಲ್ಲೆ, ಹಾಲು, ಅಪ್ಪನ ಎದೆಯ ಗುಳಿಗೆ ಇಲ್ಲಿ ಸಿಗದಿದ್ದರೆ ಹುನಗುಂದಕ್ಕೆ ಗಾಡಿ ಮೇಲೆ ಹೋಗಿ ತರುವುದು. ಬಂದವನು ಹಿತ್ತಲ ಬಾಗಿಲಿನಿಂದ ಒಳಗೆ ಬರಬೇಕು, ಬೇವಿನ ಸೊಪ್ಪು ಹಾಕಿದ ಬಿಸಿನೀರಿನಲ್ಲಿ ಮೈ ತೊಳೆಯಬೇಕು, ಬಟ್ಟೆ ಬಿಸಿಲಿಗೆ ಹಾಕಬೇಕು. ಅವ್ವ ಹಾಲಿನ ಪಾಕೀಟನ್ನು ಸಾಬೂನು ಹಚ್ಚಿ ತಿಕ್ಕುತ್ತಿದ್ದಳು. ಬದನೆಕಾಯಿಗೆ ಉಪ್ಪುನೀರಿನ ಸ್ನಾನ. ನಾನು ಬಾಗಿಲ ಚಿಲಕ ಒರೆಸುತ್ತಿದ್ದೆ. ಮನೆಯೊಳಗೂ ಎಲ್ಲರ ಮುಖಕ್ಕೆ ದಾಳಿಂಬೆ ಬಣ್ಣದ ಮಾಸ್ಕು. ಅಪ್ಪ ನಮ್ಮನ್ನು ನೋಡಿ, "ಡಕಾಯಿತರ ಮನಿ ಆಗೇತಿ ಇದು" ಎಂದು ಗೊಣಗುತ್ತ ತಾನೂ ಕಟ್ಟಿಕೊಳ್ಳುತ್ತಿದ್ದ. ಅವನ ತಾಟು ಬೇರೆ, ಚರಗಿ ಬೇರೆ.

ಎಂಜಲಿನ ವಿಷಯದಲ್ಲಿ ಅವ್ವ ಮೊದಲೇ ಕಟ್ಟುನಿಟ್ಟು. ಲೋಟಕ್ಕೆ ತುಟಿ ಹಚ್ಚಿ ಕುಡಿದರೆ ಅವಳಿಗೆ ಸೇರದು, ಮೇಲಿಂದಲೇ ಸುರಿದುಕೊಳ್ಳಬೇಕು. ಒಬ್ಬರು ಕಚ್ಚಿದ ರೊಟ್ಟಿ ಮತ್ತೊಬ್ಬರು ಮುಟ್ಟುವಂತಿಲ್ಲ. "ನಮ್ಮ ಮನ್ಯಾಗ ಈ ರೋಗ ಬರಾಕ ದಾರಿನ ಇಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ನನಗೂ ಹಾಗೇ ಅನ್ನಿಸಿತ್ತು.

ಮಗ್ಗ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸೀರೆಯ ಅಡ್ಡ ಎಳೆಯನ್ನು ಈ ತುದಿಯಿಂದ ಆ ತುದಿಗೆ ಒಯ್ಯುವುದು ಲಾಳಿ. ದೋಣಿಯ ಆಕಾರದ ಕಟ್ಟಿಗೆ ಅದು. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇಡಬೇಕು, ಪಕ್ಕದಲ್ಲಿರುವ ಸಣ್ಣ ಕಣ್ಣಿನಿಂದ ನೂಲಿನ ತುದಿ ಹೊರಗೆ ತೆಗೆಯಬೇಕು. ಬೆರಳು ಅಲ್ಲಿ ಹೋಗುವುದಿಲ್ಲ. ಆ ಕಣ್ಣಿಗೆ ತುಟಿ ಹಚ್ಚಿ ಒಮ್ಮೆ ಹೀರಿದರೆ ಎಳೆ ಪಟ್ಟನೆ ನಾಲಿಗೆಗೆ ಬರುತ್ತದೆ. ನಮ್ಮಜ್ಜ ಹಾಗೇ ಮಾಡಿದ್ದ, ಅಪ್ಪ ಹಾಗೇ ಮಾಡುತ್ತಿದ್ದ, ನಾವೂ ಹಲ್ಲು ಬಂದ ಮೇಲೆ ಕಲಿತ ಮೊದಲ ಕೆಲಸ ಅದೇ. ನೇಯುವವನ ಕೈ ನಿಲ್ಲಬಾರದೆಂದು ಎರಡು ಲಾಳಿ ಇರುತ್ತವೆ. ಅವನು ಒಂದನ್ನು ನೇಯುವಾಗ ಪಕ್ಕದಲ್ಲಿ ಕೂತವರು ಇನ್ನೊಂದಕ್ಕೆ ಕಂಡಿಕೆ ತುಂಬಿ, ಎಳೆ ಹೀರಿ ಕೊಡುತ್ತಾರೆ. ದಿನವಿಡೀ ಅದು ಬಾಯಿಂದ ಬಾಯಿಗೆ ತಿರುಗುತ್ತದೆ. ಲೋಟಕ್ಕೆ ತುಟಿ ಹಚ್ಚಿದರೆ ಬಯ್ಯುವ ಅವ್ವ ಇದಕ್ಕೆ ಮಾತ್ರ ಏನೂ ಅನ್ನುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಾನೊಮ್ಮೆ ಕೇಳಿದ್ದೆ. "ಕೂಸಿನ ಬಾಯಿಗಿ ಎಂಜಲಿಲ್ಲ, ಲಾಳಿಗಿ ಎಂಜಲಿಲ್ಲ" ಅಂದಿದ್ದಳು. ಮಗ್ಗ ನಮಗೆ ದೇವರು. ದೇವರಿಗೆ ಎಂಜಲು ಎಲ್ಲಿಂದ ಬರಬೇಕು?

ಹಂಗಾಮಿನ ಜ್ವರ ಪ್ರತಿ ವರ್ಷ ನಮ್ಮ ಮನೆಗೆ ಒಂದೇ ದಾರಿಯಲ್ಲಿ ಬರುತ್ತಿತ್ತು. ಮೊದಲು ಕಂಡಿಕೆ ತುಂಬುವವರಿಗೆ, ಆಮೇಲೆ ನೇಯುವವನಿಗೆ, ಇಲ್ಲವೆ ನೇಯುವವನಿಂದ ತುಂಬುವವರಿಗೆ. "ಜ್ವರ ಮಗ್ಗಕ್ಕ ಬಂತು" ಅನ್ನುವ ಮಾತೇ ಇತ್ತು ಓಣಿಯಲ್ಲಿ. ಯಾಕೆ ಹಾಗೆ ಎಂದು ಯಾರೂ ಕೇಳಿರಲಿಲ್ಲ. ಮಲಗುತ್ತಿದ್ದೆವು, ಮೆಣಸಿನ ಕಷಾಯ ಕುಡಿಯುತ್ತಿದ್ದೆವು, ಏಳುತ್ತಿದ್ದೆವು. ಅದು ಎಲ್ಲರನ್ನೂ ತಿರುಗಿ ಕೊಡುತ್ತಿತ್ತು, ಹಾಗಾಗಿ ಕೇಳುವ ಜರೂರೇ ಬಂದಿರಲಿಲ್ಲ.

ಮಳೆ ಶುರುವಾದ ಮೇಲೆ ಅವ್ವನ ಬಲಗೈ ಬೆರಳು ಉಗುರುಸುತ್ತಾಗಿ ಬಾತಿತು. ಕಂಡಿಕೆ ತುಂಬುವುದು ಮಲ್ಲುವಿನ ಪಾಲಿಗೆ ಬಂತು. ಅವನು ಬಹಳ ಜಾಗರೂಕನಾಗಿದ್ದ. ಅಪ್ಪನಿಂದ ದೂರ, ಗೋಡೆಗೆ ಹತ್ತಿ ಕೂರುತ್ತಿದ್ದ. ಕೈಗೆ ಸ್ಯಾನಿಟೈಸರ್ ಹಚ್ಚುತ್ತಿದ್ದ. ಲಾಳಿಯನ್ನೂ ಅದರಿಂದ ಒರೆಸುತ್ತಿದ್ದ. ಒರೆಸಿ, ಕಂಡಿಕೆ ಇಟ್ಟು, ಮಾಸ್ಕನ್ನು ಗದ್ದಕ್ಕೆ ಇಳಿಸಿ, ಕಣ್ಣಿಗೆ ತುಟಿ ಹಚ್ಚಿ ಎಳೆ ಹೀರಿ, ಮತ್ತೆ ಮಾಸ್ಕ್ ಏರಿಸಿ, ಕೈ ಚಾಚಿ ಅಪ್ಪನಿಗೆ ಕೊಡುತ್ತಿದ್ದ. ಎಳೆ ಒಳಗೆ ಜಾರಿದ್ದರೆ ಅಪ್ಪನೂ ಮಾಸ್ಕ್ ಇಳಿಸಿ ಅದೇ ಕಣ್ಣಿಗೆ ತುಟಿ ಹಚ್ಚುತ್ತಿದ್ದ. ನಾನು ಅಲ್ಲೇ ಕೂತು ಜೋಳ ಹಸನು ಮಾಡುತ್ತ ಇದನ್ನೆಲ್ಲ ನೋಡುತ್ತಿದ್ದೆ. ಅವ್ವನೂ ನೋಡುತ್ತಿದ್ದಳು. ಕಣ್ಣಿಗೆ ಬಿದ್ದದ್ದು ಬುದ್ಧಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಲ್ಲು ಮುಖ ಕಿವುಚಿದ. "ಯವ್ವಾ, ಸಾರಿಗಿ ಉಪ್ಪಿಲ್ಲಲ್ಲ."

"ಉಪ್ಪ ಹಾಕೇನಲ್ಲೋ. ನಿನ್ನ ನಾಲಿಗಿ ಎಲ್ಲಿ ಇಟ್ಟ ಬಂದಿ?" ಎಂದು ಅವ್ವ ಗದರಿದಳು. ನಾನು ಅದೇ ಸಾರು ಉಂಡಿದ್ದೆ. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ಅವ್ವನ ಕೈ ಉಪ್ಪಿನ ವಿಷಯದಲ್ಲಿ ತಪ್ಪಿದ್ದನ್ನು ನಾನು ಕಂಡವಳಲ್ಲ, ಅವಳು ಒಪ್ಪಿದ್ದನ್ನಂತೂ ಕೇಳಿದವಳೇ ಅಲ್ಲ. ಮಲ್ಲು ಮೇಲೆ ಉಪ್ಪು ಸುರಿದುಕೊಂಡು ಉಂಡ. ಅವನಿಗೆ ಸ್ವಲ್ಪ ಮೂಗು ಕಟ್ಟಿತ್ತು. ಜ್ವರ ಇರಲಿಲ್ಲ. ಮಳೆಯಲ್ಲಿ ನೆನೆದಿದ್ದಾನೆ, ನೆಗಡಿ ಅಂದುಕೊಂಡೆವು.

ಅದೇ ವಾರ ಅಪ್ಪ ಮಲಗಿದ. ಮೊದಲೆರಡು ದಿನ ತಾನೇ ನಮಗೆ ಧೈರ್ಯ ಹೇಳಿದ. "ಬೀಗ ಬಂದಾನ, ಉಪಚಾರ ಮಾಡ್ರಿ" ಎಂದು ಕಷಾಯ ತರಿಸಿಕೊಂಡ. ಆಮೇಲೆ ಮಾತು ಸಣ್ಣದಾಯಿತು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಉಸಿರಿಗಾಗಿ ಕಾಯತೊಡಗಿದ. ಡಾಕ್ಟರು ಮೈತುಂಬ ಅಂಗಿ ಹಾಕಿಕೊಂಡು ಒಳಗೆ ಬಂದು, ಅಪ್ಪನ ಬೆರಳಿಗೆ ಆ ಸಣ್ಣ ಯಂತ್ರ ಸಿಕ್ಕಿಸಿ ನೋಡಿ, ಹೊರಗೆ ಹೋಗಿ ಫೋನು ಮಾಡಿದರು.

ಬಾಗಲಕೋಟೆಯ ದೊಡ್ಡ ದವಾಖಾನೆಗೆ ಒಯ್ಯುವ ಗಾಡಿ ಬಂತು. ಓಣಿಯ ಎಲ್ಲ ಕಿಟಕಿಗಳಲ್ಲೂ ಮುಖಗಳಿದ್ದವು, ಒಂದು ಬಾಗಿಲೂ ತೆರೆಯಲಿಲ್ಲ. ಅವರನ್ನು ದೂರಲಾರೆ, ನಾವಾದರೂ ತೆರೆಯುತ್ತಿರಲಿಲ್ಲ. ಅಪ್ಪ ತಾನೇ ನಡೆದು ಬಂದ. ಪಡಸಾಲೆಯಲ್ಲಿ ನಿಂತು ಮಗ್ಗದ ಕಡೆ ನೋಡಿದ. ಅವ್ವನ ಸೀರೆಯ ಒಡಲು ಅರ್ಧಕ್ಕೆ ಬಂದಿತ್ತು.

"ಹಾಸು ಸಡ್ಲ ಮಾಡ್ರಿ. ಬಿಗದ ಬಿಟ್ರ ಎಳಿ ಹರೀತಾವ" ಎಂದ.

ಆ ಮನೆಯಲ್ಲಿ ಅವನಾಡಿದ ಕೊನೆಯ ಮಾತು ಅದು. ಮಲ್ಲು ಓಡಿಹೋಗಿ ಹಾಸಿನ ಬಿಗಿ ಸಡಿಲಿಸಿದ.

ನಮ್ಮ ಮೂಗಿನೊಳಗೂ ಕಡ್ಡಿ ಹಾಕಿ ಒಯ್ದರು. ಮಲ್ಲುಗೂ ಅವ್ವನಿಗೂ ಇದೆ ಎಂದು ಬಂತು, ನನಗೆ ಇಲ್ಲ. ಬಾಗಿಲಿಗೆ ಕಾಗದ ಹಚ್ಚಿ, ಬೊಂಬು ಅಡ್ಡ ಕಟ್ಟಿದರು. ಅಪ್ಪ ದವಾಖಾನೆಯಿಂದ ಒಮ್ಮೆ ಫೋನಿನಲ್ಲಿ ಸಿಕ್ಕ. ಹಿಂದೆ ಏನೋ ಒಂದು ಸುಯ್ಯೆನ್ನುವ ಸದ್ದು. ತನ್ನ ಸುದ್ದಿ ಹೇಳಲಿಲ್ಲ. "ಮಲ್ಲುಗ ಹೆಂಗೈತಿ?" ಎಂದು ಕೇಳಿದ. ಆರಾಮ ಇದ್ದಾನೆ ಎಂದೆ. "ಹಾಂ. ಆತ ಬಿಡು" ಎಂದ. ಅವ್ವ ಫೋನು ಇಟ್ಟ ನನ್ನ ಕೈಯನ್ನು ಹಾಗೇ ಹಿಡಿದುಕೊಂಡು ತುಳಸಿಗೇರಿ ಹನುಮಪ್ಪನಿಗೆ ಹರಕೆ ಹೊತ್ತಳು, ಮನೆಯ ಗಂಡಸರು ಉಳಿದರೆ ನಡೆದು ಬರುತ್ತೇನೆಂದು.

ಅಪ್ಪ ಬರಲಿಲ್ಲ. ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಕೊರಳಿನ ಲಿಂಗ ಕೈಗೆ ಕೊಟ್ಟು, ವಿಭೂತಿ ಇಟ್ಟು ಮಣ್ಣು ಕೊಡುವುದು ಪದ್ಧತಿ. ಅಪ್ಪನನ್ನು ಚೀಲದಲ್ಲಿ ಕಟ್ಟಿ ಮಲಗಿಸಿ ಮಣ್ಣು ಮಾಡಿದರು. ಬೊಂಬಿನ ಈಚೆಯಿದ್ದ ನಮಗೆ ಯಾರೋ ಫೋನಿನಲ್ಲಿ ತೋರಿಸಿದರು. ಬಿಳಿ ಅಂಗಿಯ ಅಪರಿಚಿತರು, ಕೆಂಪು ಮಣ್ಣು, ಮಳೆ. ಅವ್ವ ನೋಡಲಿಲ್ಲ. ಗೋಡೆಗೆ ಮುಖ ಮಾಡಿ, "ಕುಂದರಸಲಿಲ್ಲ, ಅವರನ ಕುಂದರಸಲಿಲ್ಲ" ಎಂದು ಅಷ್ಟೇ ಹೇಳುತ್ತಿದ್ದಳು. ಬದುಕೆಲ್ಲ ಕೂತೇ ದುಡಿದ ಮನುಷ್ಯನನ್ನು ಕೊನೆಗೆ ಮಲಗಿಸಿದರು.

ಬೊಂಬು ಬಿಚ್ಚಿದ ಮೇಲೆ ಓಣಿಯವರು ದೂರ ನಿಂತು ಮಾತಾಡಿಸಲು ಬಂದರು. ಹತ್ತು ಬಾಯಿ, ಒಂದೇ ಪ್ರಶ್ನೆ: ಹೊಸ್ತಿಲು ದಾಟದ ಮನುಷ್ಯನಿಗೆ ಎಲ್ಲಿಂದ ಬಂತು? ಮಲ್ಲು ಕಂಬಕ್ಕೆ ಒರಗಿ ಕೂತಿದ್ದವನು ಮೆಲ್ಲಗೆ, "ನನಗ ಮೊದಲ ಬಂದಿತ್ತೇನೋ. ಅವತ್ತ ನನಗ ಸಾರು ಸಪ್ಪಗ ಹತ್ತಿತ್ತು…" ಎಂದು ಶುರುಮಾಡಿದ.

ಅವ್ವ ಅವನ ಮಾತು ಮುಗಿಯಗೊಡಲಿಲ್ಲ. "ಸಪ್ಪಗ ಹತ್ತದ ಏನ ಮಾಡತೈತಿ? ಅವತ್ತ ನಾ ಉಪ್ಪ ಹಾಕೂದ ಮರತಿದ್ನೆಪಾ. ಸುಮ್ಮ ನಿನಗ ಬೈದೆ." ಆಮೇಲೆ ಬಂದವರ ಕಡೆ ತಿರುಗಿ ದನಿಯೆತ್ತಿ ಹೇಳಿದಳು. "ಆ ಹಾಲಿನ ಪಾಕೀಟಿನಿಂದ ಬಂದೈತಿ ನೋಡ್ರಿ. ನಾ ತೊಳೀತಿದ್ದೆ, ಒಂದಿನ ತೊಳೀಲಿಲ್ಲ."

ನಾನು ಅವಳ ಮುಖ ನೋಡಿದೆ. ದುಃಖದಲ್ಲಿ ನೆನಪು ತಪ್ಪಿದೆ, ಪಾಪ, ಅಂದುಕೊಂಡೆ. ಕೋರ್ಟಿನಲ್ಲಿ ಸಾಕ್ಷಿದಾರರ ಮಾತು ಟೈಪು ಮಾಡಿ ಮಾಡಿ ನನಗೆ ಸುಳ್ಳಿನ ವಾಸನೆ ದೂರದಿಂದಲೇ ಹತ್ತುತ್ತದೆ ಎಂದು ಜಂಬವಿತ್ತು. ಮನೆಯಲ್ಲಿ ಆ ಮೂಗು ಕೆಲಸ ಮಾಡಲಿಲ್ಲ.

ಆಮೇಲೆ ಆ ಹಾಲಿನ ಪಾಕೀಟು ನಮ್ಮ ಮನೆಯ ನಿತ್ಯದ ಮಾತಾಯಿತು. ಒಂದು ದಿನ ಪಾಕೀಟು, ಮತ್ತೊಂದು ದಿನ ಕಾಯಿಪಲ್ಲೆಯ ಗಾಡಿ, ಮತ್ತೊಂದು ದಿನ ಕಿಟಕಿಯಲ್ಲಿ ಮಾತಾಡಿಸಿದ ನೆರೆಮನೆಯಾಕೆ, ಕೆಲವೊಮ್ಮೆ ಗಾಳಿ. ಕೇಳಿ ಕೇಳಿ ನನಗೆ ರೇಗುತ್ತಿತ್ತು. "ಸಾಕ ಬಿಡವ್ವಾ" ಎಂದರೆ ಇನ್ನೂ ಜೋರಾಗಿ ಹೇಳುತ್ತಿದ್ದಳು. ಮಲ್ಲು ಹತ್ತಿರವಿದ್ದಾಗಲೇ ಹೆಚ್ಚು ಹೇಳುತ್ತಿದ್ದಳು. ಅದನ್ನೂ ನಾನು ಗಮನಿಸಲಿಲ್ಲ.

ದೀಪಾವಳಿಯ ಮುಂಚೆ ಮಲ್ಲು ಅರ್ಧಕ್ಕೆ ನಿಂತ ಸೀರೆಯನ್ನು ಮುಗಿಸಲು ಕುಣಿಗೆ ಇಳಿದ. ಸಡಿಲಿಸಿದ ಹಾಸನ್ನು ಬಿಗಿದು, ದೂಳು ಒರೆಸಿ, ಅಪ್ಪನ ಜಾಗದಲ್ಲಿ ಕೂತ. ಸದ್ದು ಕೇಳಿ ಎದುರು ಮನೆಯವರು ಬಾಗಿಲಿಗೆ ಬಂದು ನಿಂತರು. ಅವ್ವ ಒಳಗಿದ್ದಳು. "ಅಕ್ಕಾ, ಕಂಡಿಕಿ ತುಂಬಿ ಕೊಡ" ಎಂದ ಮಲ್ಲು, ಖಾಲಿಯಾದ ಲಾಳಿಯನ್ನು ನನ್ನ ಕಡೆ ಚಾಚಿದ. ನಾನು ಕಂಡಿಕೆ ಇಟ್ಟೆ, ಮಾಸ್ಕ್ ಇಳಿಸಿದೆ, ಕಣ್ಣಿಗೆ ತುಟಿ ಹಚ್ಚಿದೆ.

ಕಟ್ಟಿಗೆ ಹಸಿಯಾಗಿತ್ತು.

ಅವನ ಬಾಯಿಯ ಹಸಿ ಅದು, ಕೊನೆಯ ಎಳೆ ಹರಿದಾಗ ಆಗಷ್ಟೇ ಹಚ್ಚಿದ್ದು. ಮಳೆಗಾಲದಿಂದ ನಾವು ಹುಡುಕುತ್ತಿದ್ದ ದಾರಿ ನನ್ನ ತುಟಿಯ ಮೇಲಿತ್ತು. ಹಾಲು ತೊಳೆದೆವು, ಬದನೆಕಾಯಿ ತೊಳೆದೆವು, ಚಿಲಕ ಒರೆಸಿದೆವು. ಪ್ರತಿ ವರ್ಷ ಬರುವ ಬೀಗ ಯಾವ ಬಾಗಿಲಿನಿಂದ ಬರುತ್ತಿದ್ದನೋ ಅದೇ ಬಾಗಿಲನ್ನು ತೆರೆದಿಟ್ಟು ಕೂತಿದ್ದೆವು. ಲಾಳಿಯನ್ನು ಬಾಯಿಂದ ತೆಗೆಯಲೂ ಆಗದೆ ಕೂತಿರುವಾಗ ಒಳಬಾಗಿಲಲ್ಲಿ ಅವ್ವ ನಿಂತು ನನ್ನನ್ನೇ ನೋಡುತ್ತಿದ್ದಳು. ಬಂದು ನನ್ನ ಕೈಯಿಂದ ಲಾಳಿ ಕಸಿದುಕೊಂಡು, "ನೀ ಏಳ, ಒಲಿ ಮ್ಯಾಲ ಅನ್ನ ಇಟ್ಟೇನಿ, ನೋಡು ಹೋಗು. ನಾ ಕುಂದರ್ತೇನಿ" ಎಂದಳು.

ಹೋದೆ. ಒಲೆ ಆರಿತ್ತು. ಅದರ ಮೇಲೆ ಅನ್ನ ಇರಲಿಲ್ಲ.

ಅವತ್ತಿನಿಂದ ಬಾಯಿಗೆ ಬೀಗ ಹಾಕಿಕೊಂಡೆ. ಅವ್ವನಿಗೆ ತಿಳಿಯಬಾರದು, ತಿಳಿದರೆ ತಾಳಲಾರಳು. ಮಲ್ಲುಗೆ ತಿಳಿದರೆ ಅವನು ಮಗ್ಗವನ್ನಷ್ಟೇ ಅಲ್ಲ, ಜೀವವನ್ನೂ ಬಿಟ್ಟಾನು ಅನ್ನುವ ಹೆದರಿಕೆ. ಮರುವರ್ಷ ಅವ್ವ ತುಳಸಿಗೇರಿಗೆ ನಡೆದು ಹೋಗಿ ಬಂದಳು. ಅಪ್ಪ ಉಳಿಯಲಿಲ್ಲವಲ್ಲ, ಯಾವ ಹರಕೆ ಎಂದು ಕೇಳಿದೆ. "ಮಲ್ಲು ಉಳದಾನಲ್ಲ" ಎಂದಳು, ಕಾಲಿಗೆ ಎಣ್ಣೆ ತಿಕ್ಕುತ್ತ. ಆಮೇಲೆ ನನಗೆ ಬಾದಾಮಿಗೆ ವರ್ಗವಾಯಿತು. ಲಾಳಿಗೆ ತುಟಿ ಹಚ್ಚಿದ ಆ ದಿನದಿಂದ, ರಜೆಗೆ ಊರಿಗೆ ಹೋದಾಗಲೂ, ಮಗ್ಗದ ಕಡೆ ನೋಡದೆ ಪಡಸಾಲೆ ದಾಟಿ ಬೇಗ ಒಳಗೆ ಹೋಗಿಬಿಡುತ್ತಿದ್ದೆ. ಮಗ್ಗದ ಎದುರು ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಬಾದಾಮಿಯ ಕೋರ್ಟಿನಲ್ಲೂ ಕೆಲವೊಮ್ಮೆ ಟೈಪು ಮಾಡುವಾಗ ನನ್ನ ಬೆರಳುಗಳ ಸದ್ದು ಆ ಸದ್ದಿಗೆ ತಿರುಗುತ್ತದೆ. ಆಗ ಕೈ ತೆಗೆದು ಸುಮ್ಮನೆ ಕೂರುತ್ತೇನೆ.

ಈ ಸಲ ಫ್ಲೂ ಬಿಟ್ಟ ಮೇಲೆ, ಮೈಯಲ್ಲಿ ಕಸುವಿಲ್ಲದೆ, ರಜೆ ಹಾಕಿ ಇಳಕಲ್ಲಿಗೆ ಹೋದೆ. ಮಲ್ಲುವಿಗೆ ಈಗ ಮದುವೆಯಾಗಿದೆ, ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಅವ್ವ ನನ್ನ ಮುಖ ನೋಡಿ ಮರುಗಿ, ಪಡಸಾಲೆಯಲ್ಲೇ ಹಾಸಿಗೆ ಹಾಸಿದಳು. ಎದ್ದು ಒಳಗೆ ಹೋಗುವಷ್ಟು ತ್ರಾಣವಿರಲಿಲ್ಲ. ಇಷ್ಟು ವರ್ಷದ ಮೇಲೆ ಮೊದಲ ಸಲ ಮಗ್ಗದ ಎದುರು ಇಡೀ ದಿನ ಬಿದ್ದುಕೊಂಡಿದ್ದೆ.

ಅವ್ವ ಆ ಸೀರೆ ಉಟ್ಟಿದ್ದಳು. ಬಿಸಿಲಿಗೆ ನಿಂತಾಗ ಮೊಳಕಾಲಿನ ಹತ್ತಿರ ಒಂದು ಗೆರೆ ಕಾಣುತ್ತದೆ: ಅಲ್ಲಿಯವರೆಗೆ ಅಪ್ಪನ ಕೈ, ಬಿಗಿಯಾದದ್ದು; ಅಲ್ಲಿಂದ ಮುಂದೆ ಮಲ್ಲುವಿನದು, ಕೊಂಚ ಸಡಿಲ. ಒಪ್ಪವಾದ ಸೀರೆ ಅವಳಿಗೆ ಕೊನೆಗೂ ಸಿಗಲಿಲ್ಲ. ಮಗ್ಗದ ಕಂಬಕ್ಕೆ ದಾರ ಕಟ್ಟಿ ಒಂದು ಸಣ್ಣ ಕಬ್ಬಿಣದ ಕೊಕ್ಕೆ ತೂಗುಬಿಟ್ಟಿತ್ತು. ಅವ್ವ ಲಾಳಿಗೆ ಕಂಡಿಕೆ ಇಟ್ಟಳು, ಕೊಕ್ಕೆಯನ್ನು ಕಣ್ಣಿನಲ್ಲಿ ತೂರಿಸಿದಳು, ಎಳೆಯನ್ನು ಹೊರಗೆಳೆದು ಮಲ್ಲುವಿನ ಕೈಗೆ ಕೊಟ್ಟಳು. ಲಾಳಿಗೆ ತುಟಿ ಹಚ್ಚಲಿಲ್ಲ.

"ಇದ್ಯಾವಾಗಿಂದ?" ಎಂದು ಕೇಳಿದೆ.

"ಅವ್ವನ ತಂದಾಳ" ಎಂದ ಮಲ್ಲು, ನೇಯುತ್ತಲೇ. "ನೀ ಬಾದಾಮಿಗಿ ಹೋಗೂದಕ್ಕಿಂತ ಮೊದಲ ಕಮ್ಮಾರನ ಕಡೆ ಮಾಡಿಸ್ಯಾಳ. ಹಲ್ಲು ಸಡ್ಲ ಆಗ್ಯಾವ, ಹೀರಾಕ ಆಗೂದಿಲ್ಲ ಅಂದ್ಲು. ನನಗೂ ಇದ ರೂಢಿ ಆತು."

ಅವ್ವ ನನ್ನ ಕಡೆ ನೋಡದೆ ಎದ್ದು ಒಳಕೋಣೆಗೆ ಹೋದಳು. ಅಲ್ಲಿಂದ ರಾಟೆಯ ಸದ್ದು ಬರತೊಡಗಿತು. ಅವಳ ಹಲ್ಲುಗಳು ಗಟ್ಟಿಯಾಗಿವೆ. ಅವತ್ತು ಬೆಳಿಗ್ಗೆಯೇ ಒಣ ರೊಟ್ಟಿಯನ್ನು ಕಟಕಟ ಕಡಿದು ತಿಂದದ್ದನ್ನು ನೋಡಿದ್ದೆ. ನನಗೆ ಒಂದೊಂದಾಗಿ ಎಲ್ಲ ತಿಳಿಯುತ್ತ ಬಂತು. ಆರಿದ ಒಲೆ. ಹಾಲಿನ ಪಾಕೀಟು. ಮಲ್ಲು ಇದ್ದಾಗಲೇ ಏರುತ್ತಿದ್ದ ದನಿ. ಹಾಕಿದ ಉಪ್ಪನ್ನು ಹಾಕಿಲ್ಲ ಎಂದು ಓಣಿಯವರ ಎದುರು ಒಪ್ಪಿಕೊಂಡದ್ದು. ನಾನು ಯಾರಿಗೆ ತಿಳಿಯಬಾರದೆಂದು ಒಳಗೊಳಗೇ ಬೇಯುತ್ತಿದ್ದೆನೋ, ಅವಳು ನನಗಿಂತ ಮೊದಲೇ ಅದನ್ನು ತಿಳಿದು, ಉಪ್ಪಿನ ಸುಳ್ಳನ್ನು ಮಗನ ಮೇಲೆ ಹೊದಿಸಿಬಿಟ್ಟಿದ್ದಳು. ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಜ್ವರದ ನಿಶ್ಶಕ್ತಿ ಎಂದು ಮಲ್ಲು ಅಂದುಕೊಂಡಿರಬೇಕು.

ಸ್ವಲ್ಪ ಹೊತ್ತಿನ ಮೇಲೆ ಅವನು ಮಗ್ಗ ನಿಲ್ಲಿಸಿದ. "ಅಕ್ಕಾ, ಈ ಫ್ಲೂದಾಗ ನಿನಗ ರುಚಿ ಹೋಗಿತ್ತೇನು?"

"ಬಾಯಿ ಕಹಿ ಆಗಿತ್ತು. ಊಟ ಬ್ಯಾಡ ಅನಸ್ತಿತ್ತು."

"ಉಪ್ಪು?"

"ಉಪ್ಪು ತಿಳೀತಿತ್ತು" ಎಂದೆ. ಹೇಳಿದ ಮೇಲೆ ಅವನು ಎಲ್ಲಿಗೆ ಬರುತ್ತಿದ್ದಾನೆ ಎಂದು ಹೊಳೆಯಿತು.

ಮಲ್ಲು ಕೈಯಲ್ಲಿದ್ದ ಲಾಳಿಯನ್ನು ತಿರುಗಿಸಿ ಅದರ ಕಣ್ಣನ್ನು ಬೆರಳಿನಿಂದ ಸವರುತ್ತಿದ್ದ. ಕತ್ತು ಎತ್ತಲಿಲ್ಲ. "ಅಕ್ಕಾ, ನೀನೂ ಅವತ್ತ ಅದ ಸಾರು ಉಂಡಿದ್ದಿ. ಖರೆ ಹೇಳು. ಉಪ್ಪಿತ್ತೇನು?"

ಒಳಕೋಣೆಯಲ್ಲಿ ರಾಟೆಯ ಸದ್ದು ನಿಂತಿತು.

ಕಟಕಟೆ ಏರಿದವರು ದೇವರ ಮೇಲೆ ಆಣೆಯಿಟ್ಟು, ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನೂ ಹೇಳುವುದಿಲ್ಲ ಅನ್ನುವುದನ್ನು ಕೇಳುತ್ತಲೇ ನನ್ನ ಆಯುಷ್ಯ ಕಳೆದಿದೆ. ಎಷ್ಟೋ ಸುಳ್ಳು ಸಾಕ್ಷಿಗಳನ್ನು ಮನಸ್ಸಿನಲ್ಲೇ ಶಪಿಸುತ್ತ ಟೈಪು ಮಾಡಿದ್ದೇನೆ.

"ಇರಲಿಲ್ಲೋ ಮಲ್ಲೂ" ಎಂದೆ. "ಸಪ್ಪಗಿತ್ತು. ಅವ್ವ ಬೇಜಾರ ಮಾಡ್ಕೋತಾಳಂತ ನಾ ಅವತ್ತ ಸುಮ್ಮ ಉಂಡೆ."

ಅವನು ಕತ್ತೆತ್ತಿ ನನ್ನನ್ನು ನೋಡಿದ. ನಂಬಿದನೋ, ನಮ್ಮಿಬ್ಬರಿಗಾಗಿ ನಂಬಿದಂತೆ ಮಾಡಿದನೋ, ಇವತ್ತಿಗೂ ಹೇಳಲಾರೆ. ಒಳಗೆ ರಾಟೆ ಮತ್ತೆ ತಿರುಗಿತು. ಮಲ್ಲು ಲಾಳಿಯನ್ನು ಹಾಸಿನ ನಡುವೆ ಇಟ್ಟು, ಲಾಳಿ ಓಡಿಸುವ ಹಗ್ಗ ಜಗ್ಗಿದ.